ಪದವಿ ಮುಗಿಯುವ ತನಕ ಪಾಲಕರು ಯಾರು?

2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಒಂದು ಕೌಟುಂಬಿಕ ವ್ಯಾಜ್ಯದಲ್ಲಿ ಕೊಟ್ಟ ಆದೇಶ ಹೆಚ್ಚು ಸದ್ದು ಮಾಡಲಿಲ್ಲ. ರಾಜ್ಯ ಆರೋಗ್ಯ ಇಲಾಖೆಯ ನೌಕರರೊಬ್ಬರು ಪತ್ನಿಯಿಂದ ವಿಚ್ಛೇದನ ಪಡೆದಿದ್ದರು. ಮಗನಿಗೆ 18 ವರ್ಷ ತುಂಬುವ ತನಕ ಅವನ ಖರ್ಚು ಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯ ಹೇಳಿತ್ತು. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಶಾ ಅವರ ಪೀಠಕ್ಕೆ ಆ ಗಡುವು ಸರಿಕಾಣಲಿಲ್ಲ. ಈಗಿನ ಕಾಲದಲ್ಲಿ 18ರವರೆಗೆ ನೋಡಿಕೊಂಡರೆ ಸಾಲದು, ಮಗ ಮೊದಲ ಪದವಿ ಮುಗಿಸುವ ತನಕ ತಂದೆಯ ಹೊಣೆ ಮುಗಿಯುವುದಿಲ್ಲ ಎಂದು ಪೀಠ ಹೇಳಿತು.

ಆ ತಂದೆಗೆ ಸಂಬಳ ಕೊಡುತ್ತಿದ್ದದ್ದು ಕರ್ನಾಟಕ ಸರ್ಕಾರ. ಆ ಸರ್ಕಾರದ ಸುಪರ್ದಿಯಲ್ಲೂ ಮಕ್ಕಳಿದ್ದಾರೆ. ರೈಲು ನಿಲ್ದಾಣದಲ್ಲಿ ಸಿಕ್ಕವರು, ಇಟ್ಟಿಗೆ ಗೂಡಿನಿಂದ ಬಿಡಿಸಿಕೊಂಡು ಬಂದವರು, ಬಾಲ್ಯವಿವಾಹದಿಂದ ಪಾರಾದವರು, ಹೆತ್ತವರಿಲ್ಲದವರು, ಹೆತ್ತವರಿದ್ದೂ ಅವರೊಡನೆ ಇರಲಾಗದವರು. ಮಕ್ಕಳ ಕಲ್ಯಾಣ ಸಮಿತಿಯ ಒಂದು ಆದೇಶದ ಮೇಲೆ ಅವರು ಬಾಲಮಂದಿರಕ್ಕೋ, ಸ್ವಯಂಸೇವಾ ಸಂಸ್ಥೆಯ ಮಕ್ಕಳ ಮನೆಗೋ, ಅಪರೂಪಕ್ಕೆ ಒಂದು ಸಾಕು ಕುಟುಂಬಕ್ಕೋ ಹೋಗುತ್ತಾರೆ. ಅಂದಿನಿಂದ ಆ ಮಗು ಎಲ್ಲಿ ಮಲಗಬೇಕು, ಯಾವ ಶಾಲೆಗೆ ಹೋಗಬೇಕು, ಯಾರನ್ನು ಭೇಟಿಯಾಗಬಹುದು ಎಂಬುದನ್ನೆಲ್ಲ ತೀರ್ಮಾನಿಸುವುದು ಸರ್ಕಾರ. ತಂದೆ-ತಾಯಿಯ ಅಧಿಕಾರವನ್ನು ಅದು ಪೂರ್ತಿಯಾಗಿ ವಹಿಸಿಕೊಂಡಿದೆ. ಹಾಗಾದರೆ ಆರೋಗ್ಯ ಇಲಾಖೆಯ ಆ ನೌಕರನಿಗೆ ಹೇಳಿದ ಮಾತು ಅವನ ಧಣಿಗೂ ಅನ್ವಯಿಸಬೇಡವೇ? ಈ ಲೇಖನದ ಪ್ರಶ್ನೆ ಇಷ್ಟೇ. ನನ್ನ ಉತ್ತರವನ್ನೂ ಈಗಲೇ ಹೇಳಿಬಿಡುತ್ತೇನೆ: ಅನ್ವಯಿಸಬೇಕು, ಅದೂ ಯೋಜನೆಯ ರೂಪದಲ್ಲಿ ಅಲ್ಲ, ಕಾನೂನಿನ ರೂಪದಲ್ಲಿ.

ಈಗಿರುವ ಕಾನೂನು ಏನನ್ನುತ್ತದೆ ನೋಡೋಣ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮಿನ ಪ್ರಕಾರ 18 ತುಂಬಿ ಸಂಸ್ಥೆಯಿಂದ ಹೊರಡುವ ಮಗುವಿಗೆ ಹಣಕಾಸಿನ ನೆರವು ಕೊಡಬಹುದು. ಕೊಡಲೇಬೇಕು ಎಂದಿಲ್ಲ. ಹೀಗೆ ಹೊರಬಂದವರ ಕಾಳಜಿಗೆ ನಮ್ಮ ಸರ್ಕಾರಿ ಭಾಷೆಯಲ್ಲಿ ಅನುಪಾಲನೆ ಎಂಬ ಹೆಸರಿದೆ. ಅದರ ವ್ಯಾಪ್ತಿ 21 ವರ್ಷದವರೆಗೆ. 2016ರ ಮಾದರಿ ನಿಯಮಗಳು ವಿಶೇಷ ಸಂದರ್ಭಗಳಲ್ಲಿ ಇನ್ನೆರಡು ವರ್ಷ ವಿಸ್ತರಿಸಲು ಅವಕಾಶ ಕೊಟ್ಟಿವೆ. ಆರೆಂಟು ಜನ ಕೂಡಿ ಇರುವಂಥ ವಸತಿ, ಉನ್ನತ ಶಿಕ್ಷಣಕ್ಕೆ ವಿದ್ಯಾರ್ಥಿವೇತನ, ಕೆಲಸ ಸಿಗುವವರೆಗೆ ಬೆಂಬಲ, ಎಲ್ಲವೂ ಆ ನಿಯಮಗಳಲ್ಲಿವೆ. ಓದಿದರೆ ಮನಸ್ಸಿಗೆ ಹಿತವಾಗುತ್ತದೆ. ಅದೇ ನಿಯಮಗಳಲ್ಲಿ ಇನ್ನೊಂದು ವಿವರವೂ ಇದೆ: ಮಗು ಹೊರಡುವ ಎರಡು ತಿಂಗಳ ಮೊದಲು ಅದರ ಮುಂದಿನ ಬದುಕಿನ ಯೋಜನೆಯನ್ನು ಸಿದ್ಧಪಡಿಸಿ ಸಮಿತಿಗೆ ಒಪ್ಪಿಸಬೇಕು. ಎರಡು ತಿಂಗಳು! ನಮ್ಮ ಮನೆಗಳಲ್ಲಿ ಮಗಳು ಸೈನ್ಸ್ ತಗೊಳ್ಳಬೇಕೋ ಕಾಮರ್ಸ್ ತಗೊಳ್ಳಬೇಕೋ ಎಂಬ ಚರ್ಚೆ ಒಂಬತ್ತನೇ ತರಗತಿಯಲ್ಲೇ ಶುರುವಾಗಿರುತ್ತದೆ.

ದುಡ್ಡಿನ ವಿಚಾರಕ್ಕೆ ಬಂದರೆ, ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆ 2022ರ ಮಾರ್ಗಸೂಚಿಯಲ್ಲಿ ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿ ನಿಗದಿ ಮಾಡಿದೆ. ಹಿಂದೆ 2,000 ಇತ್ತು, ಹೆಚ್ಚಾಗಿದೆ, ಸಂತೋಷ. ಆದರೆ ಬೆಂಗಳೂರಿನ ಸಾಧಾರಣ ಪಿಜಿಯೊಂದರಲ್ಲಿ ಹಾಸಿಗೆ ಹಿಡಿಯುವುದಕ್ಕೇ ಈ ಹಣ ಸಾಲದು. ಕಾಲೇಜಿನ ಶುಲ್ಕ, ಬಸ್ ಪಾಸು, ಪುಸ್ತಕ, ಮೊಬೈಲ್ ಡೇಟಾ, ಜ್ವರ ಬಂದರೆ ಔಷಧ ಇವೆಲ್ಲ ಆಮೇಲಿನ ಮಾತು.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ವಯಸ್ಸಿನ ಲೆಕ್ಕ. 16ಕ್ಕೆ ಎಸ್ಸೆಸ್ಸೆಲ್ಸಿ, 18ಕ್ಕೆ ಪಿಯುಸಿ, 21ಕ್ಕೆ ಪದವಿ ಎಂಬುದು ಒಂದು ವರ್ಷವನ್ನೂ ಕಳೆದುಕೊಳ್ಳದ ಮಗುವಿನ ಲೆಕ್ಕ. ಕರ್ನಾಟಕ 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದ್ದರಿಂದ ಈ ಲೆಕ್ಕ ಹೇಗೋ ತಾಳೆಯಾಗುತ್ತದೆ. ಬಾಲಮಂದಿರಕ್ಕೆ ಬರುವ ಮಕ್ಕಳು ಮಾತ್ರ ಹಾಗೆ ಸಲೀಸಾಗಿ ಓದಿ ಬಂದವರಲ್ಲ. ಹತ್ತು ವರ್ಷದ ಹುಡುಗನೊಬ್ಬ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದಾಗ ಸಿಕ್ಕರೆ ಅವನನ್ನು ಸೇರಿಸುವುದು ಯಾವ ತರಗತಿಗೆ? ಬೀದರಿನ ಹುಡುಗಿ ಮಂಗಳೂರಿನಲ್ಲಿ ಸಿಕ್ಕಿ, ಊರು-ಹೆಸರು ಪತ್ತೆಯಾಗುವ ಹೊತ್ತಿಗೆ ಶಾಲೆಯ ಅರ್ಧ ವರ್ಷ ಕಳೆದಿರುತ್ತದೆ. ಇಂಥ ಮಕ್ಕಳಲ್ಲಿ ಹಲವರು 18 ತುಂಬುವಾಗ ಪಿಯುಸಿ ಮೊದಲ ವರ್ಷದಲ್ಲೋ, ಹತ್ತನೇ ತರಗತಿಯಲ್ಲೋ ಇರುತ್ತಾರೆ. ಅವರ ಪಾಲಿಗೆ 21 ಎಂದರೆ ಪದವಿಯ ನಡುಮಧ್ಯೆ. ಸಕಾಲಕ್ಕೆ ಓದಿದವರ ಪಾಡೂ ಅಷ್ಟೇ. ಇಂಜಿನಿಯರಿಂಗ್ ನಾಲ್ಕು ವರ್ಷ, ವೈದ್ಯಕೀಯ ಐದೂವರೆ ವರ್ಷ. ದೊಡ್ಡ ಕನಸುಗಳನ್ನು ಬಿಡಿ, ಹಳ್ಳಿ ಶಾಲೆಯಲ್ಲಿ ಹೈಸ್ಕೂಲು ಮೇಷ್ಟ್ರಾಗಬೇಕೆಂದರೂ ಪದವಿಯ ಮೇಲೆ ಎರಡು ವರ್ಷ ಬಿ.ಇಡಿ. ಮಾಡಬೇಕು. ಸರ್ಕಾರ ಸಾಕಿದ ಮಗು ಸರ್ಕಾರಿ ಶಾಲೆಯ ಶಿಕ್ಷಕಿಯಾಗಲು ಸರ್ಕಾರದ ನಿಯಮದಲ್ಲಿ ಸಾಕಷ್ಟು ವರ್ಷಗಳೇ ಇಲ್ಲ. ವಿಶೇಷ ಸಂದರ್ಭದ ಕೃಪೆಗೆ ಕಾಯಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬಹಳ ಸಲ ಒಳ್ಳೆಯವರಿಂದಲೇ. ನಮ್ಮ ಹಿರಿಯರು ವಾರಾನ್ನ ಮಾಡಿಕೊಂಡು ಓದಲಿಲ್ಲವೇ? ಎಚ್. ನರಸಿಂಹಯ್ಯನವರು ಗೌರಿಬಿದನೂರು ಕಡೆಯ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದು ಓದಿ ಕುಲಪತಿಯಾಗಲಿಲ್ಲವೇ? ಓದುವ ಛಲ ಇದ್ದವರು ಓದುತ್ತಾರೆ. ಈ ಮಾತಿನಲ್ಲಿ ನಿಜವಿದೆ, ಆದರೆ ಒಂದು ದೊಡ್ಡ ಅಂಶ ಬಿಟ್ಟುಹೋಗಿದೆ. ಕರ್ನಾಟಕದಲ್ಲಿ ಬಡ ವಿದ್ಯಾರ್ಥಿಗಳನ್ನು ಓದಿಸಿದ ವ್ಯವಸ್ಥೆ ದೊಡ್ಡದು, ಉದಾರವಾದದ್ದು. ಸಿದ್ಧಗಂಗೆಯಂಥ ಮಠಗಳು ಎಲ್ಲ ಜಾತಿಯ ಮಕ್ಕಳಿಗೂ ಅನ್ನ-ಅಕ್ಷರ ಕೊಟ್ಟಿವೆ. ಆದರೆ ಆ ವ್ಯವಸ್ಥೆಯ ಬಹುಪಾಲು ನಿಂತಿದ್ದು ಸಮುದಾಯದ ಮೇಲೆ. ಲಿಂಗಾಯತ ಬೋರ್ಡಿಂಗು, ಒಕ್ಕಲಿಗರ ಹಾಸ್ಟೆಲು, ವಾರಾನ್ನ ಹಾಕುವ ಬ್ರಾಹ್ಮಣರ ಮನೆ. ಸರ್ಕಾರದ ಹಾಸ್ಟೆಲುಗಳೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಎಂದೇ ವಿಂಗಡಣೆಯಾಗಿವೆ. ಅದಕ್ಕೆ ಸಾಮಾಜಿಕ ನ್ಯಾಯದ ಸರಿಯಾದ ಕಾರಣವಿದೆ. ತನ್ನ ಜಾತಿ ಯಾವುದೆಂದೇ ಗೊತ್ತಿಲ್ಲದ ಮಗು ಯಾವ ಬಾಗಿಲು ತಟ್ಟಬೇಕು? ವಾರಾನ್ನದ ಹುಡುಗನಿಗೆ ಯುಗಾದಿಗೆ ಹೋಗಲು ಒಂದು ಮನೆ, ಎಷ್ಟೇ ಬಡವಾಗಿರಲಿ, ಇತ್ತು. ದಸರಾ ರಜೆಗೆ ಹಾಸ್ಟೆಲ್ ಖಾಲಿ ಮಾಡಿ ಎಂದಾಗ ಬಾಲಮಂದಿರದಲ್ಲಿ ಬೆಳೆದವಳು ಹೋಗುವುದೆಲ್ಲಿಗೆ? ಬಾಲಮಂದಿರ ಅವಳನ್ನು ಮತ್ತೆ ಸೇರಿಸಿಕೊಳ್ಳುವಂತಿಲ್ಲ, ಅದು 18ರ ಒಳಗಿನವರಿಗೆ ಮೀಸಲು.

ಕಾಗದಪತ್ರದ ಗೋಳು ಇನ್ನೊಂದು. ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರಕ್ಕೆ ತಂದೆಯ ವಿವರ ಬೇಕು. ವಿದ್ಯಾರ್ಥಿವೇತನದ ಅರ್ಜಿಗೆ ಆ ಪ್ರಮಾಣಪತ್ರ ಬೇಕು. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಬೇಕು. ಬಾಲಮಂದಿರದ ಸೂಪರಿಂಟೆಂಡೆಂಟ್ ಮೇಡಂ ಸ್ವಂತ ಹೊಣೆಯ ಮೇಲೆ ಓಡಾಡಿ ಇಂಥ ಕಾಗದ ಹೊಂದಿಸಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಒಬ್ಬ ಒಳ್ಳೆಯ ಅಧಿಕಾರಿಯ ವರ್ಗಾವಣೆ ಒಂದು ಮಗುವಿನ ಓದನ್ನು ನಿಲ್ಲಿಸಬಲ್ಲದು ಎಂದಾದರೆ ಅದನ್ನು ವ್ಯವಸ್ಥೆ ಎಂದು ಕರೆಯುವುದು ಹೇಗೆ?

ಸರ್ಕಾರ ಸಾಕಿದ ಮಕ್ಕಳನ್ನು 18ರ ನಂತರ ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆಯನ್ನು ನಮಗಿಂತ ಮೊದಲು ಎದುರಿಸಿದ್ದು ಅಮೆರಿಕ. ಅಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರದ ಪಾಲನೆಯಲ್ಲಿದ್ದಾರೆ. ನಮ್ಮಲ್ಲಿಗಿಂತ ಭಿನ್ನವಾಗಿ ಅವರ ಬಹುಪಾಲು ಇರುವುದು ದೊಡ್ಡ ಸಂಸ್ಥೆಗಳಲ್ಲಲ್ಲ, ಸಾಕು ಕುಟುಂಬಗಳಲ್ಲಿ. ವಯಸ್ಸು ಮೀರಿತೆಂದು ಪ್ರತಿವರ್ಷ ಹೊರಬೀಳುವವರೇ ಸಾವಿರಾರು ಮಂದಿ. 1999ರಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾನೂನು ಇಂಥವರ ಸ್ವತಂತ್ರ ಬದುಕಿಗೆಂದು ರಾಜ್ಯಗಳಿಗೆ ವರ್ಷಕ್ಕೆ 14 ಕೋಟಿ ಡಾಲರ್ ಮೀಸಲಿಟ್ಟಿತು. ಅದಕ್ಕಾಗಿ ದುಡಿದು, ಅದೇ ವರ್ಷ ತೀರಿಕೊಂಡ ರೋಡ್ ಐಲೆಂಡಿನ ಸೆನೆಟರ್ ಜಾನ್ ಚೇಫಿ ಅವರ ಹೆಸರನ್ನೇ ಆ ಕಾರ್ಯಕ್ರಮಕ್ಕೆ ಇಟ್ಟರು. ಚೇಫಿ ರಿಪಬ್ಲಿಕನ್ ಪಕ್ಷದವರು, ಸಹಿ ಹಾಕಿದ ಕ್ಲಿಂಟನ್ ಡೆಮಾಕ್ರಾಟ್. 2002ರಲ್ಲಿ ಅದಕ್ಕೆ ಓದಿನ ವೋಚರ್ ಸೇರಿತು: ಕಾಲೇಜು ಅಥವಾ ತರಬೇತಿಗೆ ವರ್ಷಕ್ಕೆ ಗರಿಷ್ಠ 5,000 ಡಾಲರ್. 2008ರ ಕಾನೂನು 21ರವರೆಗೆ ಪಾಲನೆ ಮುಂದುವರಿಸುವ ರಾಜ್ಯಗಳಿಗೆ ಕೇಂದ್ರದ ಪಾಲು ಕೊಡಲು ಒಪ್ಪಿತು. 2018ರಲ್ಲಿ ವೋಚರಿನ ವಯೋಮಿತಿ 26ಕ್ಕೆ ಏರಿತು.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಒಂದು ಅರ್ಜಿ ನಮೂನೆಯ ಬದಲಾವಣೆ. ಅಮೆರಿಕದಲ್ಲಿ ಕಾಲೇಜು ನೆರವು ಕೇಳುವ ವಿದ್ಯಾರ್ಥಿ ಸಾಮಾನ್ಯವಾಗಿ ತಂದೆ-ತಾಯಿಯ ಆದಾಯ ತೋರಿಸಬೇಕು. 13 ವರ್ಷ ತುಂಬಿದ ಮೇಲೆ ಯಾವಾಗಲಾದರೂ ಸರ್ಕಾರದ ಪಾಲನೆಯಲ್ಲಿದ್ದ ವಿದ್ಯಾರ್ಥಿಗಳು ತೋರಿಸಬೇಕಿಲ್ಲ; ಅವರನ್ನು ಸ್ವತಂತ್ರರೆಂದೇ ಪರಿಗಣಿಸಲಾಗುತ್ತದೆ. ಇದಕ್ಕೆ ಕೋಟಿಗಳ ಅನುದಾನ ಬೇಕಾಗಲಿಲ್ಲ, ಕಟ್ಟಡ ಬೇಕಾಗಲಿಲ್ಲ. ನಮೂನೆಯಲ್ಲಿ ಒಂದು ಪ್ರಶ್ನೆ ಸೇರಿತು, ಅಷ್ಟೇ. ರಜೆಯಲ್ಲಿ ಹಾಸ್ಟೆಲ್ ಮುಚ್ಚುವ ಸಮಸ್ಯೆ ಅಲ್ಲೂ ಇತ್ತು. ವರ್ಷವಿಡೀ ತೆರೆದಿರುವ ವಸತಿಗಳಲ್ಲಿ ಇಂಥ ವಿದ್ಯಾರ್ಥಿಗಳಿಗೆ ಆದ್ಯತೆ ಕೊಡಬೇಕೆಂದು ಕ್ಯಾಲಿಫೋರ್ನಿಯಾ ತನ್ನ ಸ್ಟೇಟ್ ಯೂನಿವರ್ಸಿಟಿಗಳಿಗೆ 2009ರಲ್ಲೇ ಕಾನೂನು ಮಾಡಿತು.

ಹಾಗೆಂದು ಅಮೆರಿಕವನ್ನು ಆದರ್ಶವೆಂದು ಎತ್ತಿ ಹಿಡಿಯುತ್ತಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಮಾರ್ಕ್ ಕೋರ್ಟ್ನಿ ಮತ್ತು ಸಂಗಡಿಗರು ಇಲಿನಾಯ್, ಅಯೋವಾ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಪಾಲನೆಯಿಂದ ಹೊರಬಂದವರನ್ನು 17ರಿಂದ 26ನೇ ವಯಸ್ಸಿನವರೆಗೆ ಹಿಂಬಾಲಿಸಿ ಅಧ್ಯಯನ ಮಾಡಿದರು. 26ರ ಹೊತ್ತಿಗೆ ಎರಡು ಅಥವಾ ನಾಲ್ಕು ವರ್ಷದ ಪದವಿ ಪಡೆದಿದ್ದವರು ಶೇ 8ರಷ್ಟು. ಅದೇ ವಯಸ್ಸಿನ ಇತರರಲ್ಲಿ ಆ ಪ್ರಮಾಣ ಶೇ 46. ಆಗ ಇಲಿನಾಯ್‌ನಲ್ಲಿ 21ರವರೆಗೆ ಪಾಲನೆ ಇತ್ತು, ಉಳಿದೆರಡು ರಾಜ್ಯಗಳಲ್ಲಿ ಬಹುತೇಕ 18ಕ್ಕೇ ಮುಗಿಯುತ್ತಿತ್ತು. ಇಲಿನಾಯ್‌ನವರು ಕಾಲೇಜು ಮೆಟ್ಟಿಲು ಹತ್ತುವ ಸಾಧ್ಯತೆ ಸ್ಪಷ್ಟವಾಗಿ ಹೆಚ್ಚಿತ್ತು. ಹತ್ತಿದವರೆಲ್ಲ ಮುಗಿಸಲಿಲ್ಲ ಎಂಬುದೂ ಅಷ್ಟೇ ಸ್ಪಷ್ಟ. 5,000 ಡಾಲರಿನ ಮಿತಿ 2002ರಿಂದ ಹಾಗೇ ನಿಂತಿದೆ, ಕೊರೊನಾ ಕಾಲದಲ್ಲಿ ತಾತ್ಕಾಲಿಕವಾಗಿ 12,000ಕ್ಕೆ ಏರಿಸಿದ್ದನ್ನು ಬಿಟ್ಟರೆ. ಅಷ್ಟರಲ್ಲಿ ಕಾಲೇಜು ಶುಲ್ಕ ಎಲ್ಲಿಗೆ ಹೋಗಿದೆಯೆಂಬುದು ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡಿಗರಿಗೆ ಗೊತ್ತು. ವಯಸ್ಸು ವಿಸ್ತರಿಸಿದರೆ ಮಕ್ಕಳು ಕಾಲೇಜಿಗೆ ಬರುತ್ತಾರೆ. ಬಂದವರು ಉಳಿಯಬೇಕಾದರೆ ಜೊತೆಗೆ ಒಬ್ಬ ಮನುಷ್ಯ ಬೇಕು. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಫುಲರ್ಟನ್ ಕ್ಯಾಂಪಸ್‌ನಲ್ಲಿ ಇಂಥ ವಿದ್ಯಾರ್ಥಿಗಳಿಗೆಂದು 1998ರಲ್ಲಿ ಶುರುವಾದ ಗಾರ್ಡಿಯನ್ ಸ್ಕಾಲರ್ಸ್ ಕಾರ್ಯಕ್ರಮ ಇದೇ ತಿಳಿವಿನಿಂದ ಹುಟ್ಟಿದ್ದು. ಇಂಗ್ಲೆಂಡಿನಲ್ಲಿ ಪಾಲನೆಯಿಂದ ಹೊರಬಂದವರು 25 ವರ್ಷದವರೆಗೆ ತಮಗೊಬ್ಬ ಸಲಹೆಗಾರರನ್ನು ಕೇಳಿ ಪಡೆಯಬಹುದು, 2017ರ ಕಾನೂನಿನ ಪ್ರಕಾರ.

ಇದೆಲ್ಲ ಸಿರಿವಂತ ದೇಶಗಳ ಮಾತಾಯಿತು ಎನ್ನುವವರು ಹಿಮಾಚಲ ಪ್ರದೇಶದತ್ತ ನೋಡಬೇಕು. ಅಲ್ಲಿನ ಸುಖ್ವಿಂದರ್ ಸಿಂಗ್ ಸುಖು ಸರ್ಕಾರ 2023ರಲ್ಲಿ ಸುಖಾಶ್ರಯ ಕಾಯ್ದೆ ಮಾಡಿ, ಅನಾಥ ಮಕ್ಕಳನ್ನು ರಾಜ್ಯದ ಮಕ್ಕಳೆಂದು ಘೋಷಿಸಿತು. ಉನ್ನತ ಶಿಕ್ಷಣದ ಶುಲ್ಕ, ಹಾಸ್ಟೆಲ್ ಖರ್ಚು, ತಿಂಗಳಿಗೆ ಕೈಖರ್ಚು, ಅದೂ 27 ವರ್ಷದವರೆಗೆ. ಶುರುವಿಗೆ ಇಟ್ಟ ನಿಧಿ 101 ಕೋಟಿ. ಸಾಲದಲ್ಲಿ ಮುಳುಗಿರುವ ಚಿಕ್ಕ ಗುಡ್ಡಗಾಡು ರಾಜ್ಯ ಅದು. ಮಹಾರಾಷ್ಟ್ರ 2018ರಲ್ಲೇ ಅನಾಥರಿಗೆ ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ ಶೇ 1 ಸಮಾನಾಂತರ ಮೀಸಲಾತಿ ಕೊಟ್ಟಿತು.

ಇಡೀ ದೇಶಕ್ಕೂ ಇದು ಹೊಸದಲ್ಲ. ಕೊರೊನಾದಲ್ಲಿ ತಂದೆ-ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಪಿಎಂ ಕೇರ್ಸ್ ಮೂಲಕ ಮಾಡಿದ ವ್ಯವಸ್ಥೆ ನೋಡಿ: 18ಕ್ಕೆ 10 ಲಕ್ಷದ ನಿಧಿ, 23ರವರೆಗೆ ಅದರಿಂದ ತಿಂಗಳ ವೇತನ, ಆಮೇಲೆ ಇಡೀ ಮೊತ್ತ ಕೈಗೆ, ಶಿಕ್ಷಣ ಸಾಲದ ಬಡ್ಡಿಯ ಹೊಣೆಯೂ ಆ ನಿಧಿಯದೇ. ನಮ್ಮ ರಾಜ್ಯವೂ ಬಾಲ ಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಪ್ರಕಟಿಸಿತು. ಬೇಕಾದ್ದೇ, ಸರಿಯಾದ್ದೇ. ಆದರೆ ಅಪಘಾತದಲ್ಲಿ, ಕ್ಷಯದಲ್ಲಿ, ಹೆರಿಗೆಯಲ್ಲಿ ಹೆತ್ತವರನ್ನು ಕಳೆದುಕೊಂಡ ಮಗುವಿನ ಹಸಿವು ಬೇರೆಯೇ? ಹೇಗೆ ಮಾಡಬೇಕೆಂಬುದು ಸರ್ಕಾರಕ್ಕೆ ಗೊತ್ತಿದೆ ಎಂಬುದಕ್ಕೆ ಈ ಯೋಜನೆಗಳೇ ಸಾಕ್ಷಿ.

ಅನಾಥರೆಂಬ ಪಟ್ಟಿ ಮಾಡುವುದರಲ್ಲೂ ಒಂದು ತೊಡಕಿದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ನಡೆಸಿ 2018ರಲ್ಲಿ ವರದಿ ಪಡೆದ ಸಮೀಕ್ಷೆಯಲ್ಲಿ ದೇಶದ 9,589 ಸಂಸ್ಥೆಗಳಲ್ಲಿ 3.7 ಲಕ್ಷ ಮಕ್ಕಳಿದ್ದರು. ಅವರಲ್ಲಿ ಬಹಳಷ್ಟು ಮಕ್ಕಳಿಗೆ ತಾಯಿಯೋ ತಂದೆಯೋ ಇದ್ದಾರೆ. ಸಾಕುವ ಶಕ್ತಿ ಇಲ್ಲ, ಅಥವಾ ಆ ಮನೆ ಸುರಕ್ಷಿತವಲ್ಲ. ಕುಡುಕ ತಂದೆಯ ಹೊಡೆತದಿಂದ ಬಿಡಿಸಿ ತಂದ ಹುಡುಗಿಯನ್ನು, 18 ತುಂಬಿತು, ನಿನಗೆ ತಂದೆ ಇದ್ದಾನಲ್ಲ, ಅನಾಥಳಲ್ಲ, ಹೋಗು ಎನ್ನುವುದು ಯಾವ ನ್ಯಾಯ? ಆದ್ದರಿಂದ ಅರ್ಹತೆಯನ್ನು ಅಳೆಯಬೇಕಾದ್ದು ಹೆತ್ತವರ ಮರಣ ಪ್ರಮಾಣಪತ್ರದಿಂದ ಅಲ್ಲ, ಮಗು ಸರ್ಕಾರದ ಸುಪರ್ದಿಯಲ್ಲಿ ಕಳೆದ ವರ್ಷಗಳಿಂದ.

ಹೆತ್ತವರಿರುವ ಬಡ ಮಕ್ಕಳೂ ಕಾಲೇಜು ಬಿಡುತ್ತಾರೆ, ಇವರಿಗೇ ಏಕೆ ವಿಶೇಷ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬಡವರ ಮಕ್ಕಳಿಗೆಲ್ಲ ಸರ್ಕಾರ ನೆರವಾಗಬೇಕು, ಅದು ನಾಗರಿಕರಿಗೆ ಸಲ್ಲಬೇಕಾದದ್ದು. ಇವರ ವಿಷಯದಲ್ಲಿ ಅದಕ್ಕಿಂತ ಹೆಚ್ಚಿನದೊಂದಿದೆ: ಸರ್ಕಾರ ತಾನೇ ಆದೇಶ ಹೊರಡಿಸಿ ಪಾಲಕನ ಜಾಗದಲ್ಲಿ ಕುಳಿತಿದೆ. ಎಲ್ಲರೂ ಪದವಿಯನ್ನೇ ಮಾಡಲಿ ಎಂದೂ ನಾನು ಹೇಳುವುದಿಲ್ಲ. ಐಟಿಐ ಸೇರುವವರು ಸೇರಲಿ, ಹೊಲಿಗೆ ಕಲಿಯುವವರು ಕಲಿಯಲಿ. ಆದರೆ ಬೇಗ ಹೊರಡಿಸಬೇಕೆಂಬ ಅವಸರಕ್ಕೆ ಎಲ್ಲ ಹುಡುಗಿಯರನ್ನೂ ಬ್ಯೂಟಿಷಿಯನ್ ಕೋರ್ಸಿಗೆ ಅಟ್ಟುವುದನ್ನು ಆಯ್ಕೆ ಎನ್ನಲಾಗದು.

ಹುಡುಗಿಯರ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ನಮ್ಮ ರಾಜ್ಯ ಮಹಿಳಾ ನಿಲಯಗಳಲ್ಲಿ ಆಗಾಗ ಮದುವೆಗಳು ನಡೆಯುತ್ತವೆ. ದಾವಣಗೆರೆಯಂಥ ಊರುಗಳಲ್ಲಿ ಜಿಲ್ಲಾಡಳಿತದ ಅಧಿಕಾರಿಗಳೇ ಹೆಣ್ಣಿನ ಕಡೆಯವರಾಗಿ ನಿಂತು ಧಾರೆ ಎರೆಯುತ್ತಾರೆ, ಮರುದಿನ ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ. ಅದರಲ್ಲಿ ನಿಜವಾದ ಅಕ್ಕರೆ ಇದೆ, ವ್ಯಂಗ್ಯವಾಡುವ ಮನಸ್ಸಿಲ್ಲ. ಆದರೆ ಮಗಳನ್ನು ದಾಟಿಸುವ ದಿನ ಇಷ್ಟು ಸಲೀಸಾಗಿ ತಂದೆಯಾಗುವ ಸರ್ಕಾರ, ಅವಳಿಗೆ ಎಂ.ಎಸ್ಸಿ. ಸೀಟು ಸಿಕ್ಕ ದಿನ ಎಲ್ಲಿರುತ್ತದೆ? ಆ ಫೋಟೊವನ್ನು ನಾನಿನ್ನೂ ನೋಡಿಲ್ಲ.

ಖರ್ಚಿನ ಲೆಕ್ಕವನ್ನೂ ಹಾಕೋಣ. ಕಾಲೇಜಿನಲ್ಲಿ ಓದುವ ಇಂಥ ಸಾವಿರ ಯುವಜನರಿದ್ದಾರೆಂದೇ ಇಟ್ಟುಕೊಳ್ಳಿ. ತಲಾ ತಿಂಗಳಿಗೆ 12,000 ರೂಪಾಯಿ ಕೊಟ್ಟರೆ ವರ್ಷಕ್ಕೆ 14.4 ಕೋಟಿ. 2025-26ರ ಕರ್ನಾಟಕ ಬಜೆಟ್ ಗಾತ್ರ 4.09 ಲಕ್ಷ ಕೋಟಿ. ಅಂದರೆ ರಾಜ್ಯ ಖರ್ಚು ಮಾಡುವ ಪ್ರತಿ ಲಕ್ಷ ರೂಪಾಯಿಯಲ್ಲಿ ಮೂರೂವರೆ ರೂಪಾಯಿ. ಸಂಖ್ಯೆ ಎರಡರಷ್ಟಾದರೂ ಏಳು ರೂಪಾಯಿ. ಖಜಾನೆ ಬರಿದಾಗುತ್ತದೆ ಎಂಬ ಮಾತನ್ನು ಯಾರೂ ಆಡದಿರಲಿ.

ಕರ್ನಾಟಕ ಹಿಮಾಚಲದಂತೆ ತನ್ನದೇ ಕಾಯ್ದೆ ಮಾಡಬಹುದು. ಅದರಲ್ಲಿ ನೆರವು ಹಕ್ಕಾಗಿರಲಿ. ಅದರ ಕೊನೆ ಹುಟ್ಟುಹಬ್ಬಕ್ಕೆ ಕಟ್ಟಿದ್ದಾಗದೆ ಕೋರ್ಸಿಗೆ ಕಟ್ಟಿದ್ದಾಗಿರಲಿ. ಮೇಲ್ಮಿತಿ ಬೇಕೇಬೇಕೆಂದರೆ 25. ಮಕ್ಕಳ ಕಲ್ಯಾಣ ಸಮಿತಿ ಹೊರಡುವ ಮಗುವಿಗೆ ಕೊಡುವ ಒಂದೇ ಪ್ರಮಾಣಪತ್ರ ಕಾಲೇಜು, ಹಾಸ್ಟೆಲು, ನಾಡಕಚೇರಿ, ಬ್ಯಾಂಕು ಎಲ್ಲ ಕಡೆಯೂ ಪಾಲಕರ ಆದಾಯ ಮತ್ತು ಸಹಿಯ ಬದಲಿಗೆ ನಡೆಯಲಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇವರ ಫೋನು ಎತ್ತುವುದೇ ಕೆಲಸವಾಗಿರುವ ಒಬ್ಬರಿರಲಿ.

ಮೊದಲು ಆಗಬೇಕಾದ ಕೆಲಸ ಮಾತ್ರ ಎಣಿಕೆ. ಅಮೆರಿಕ 2010ರಿಂದ ಪಾಲನೆಯಲ್ಲಿದ್ದವರನ್ನು 17, 19 ಮತ್ತು 21ನೇ ವಯಸ್ಸಿನಲ್ಲಿ ವಿಚಾರಿಸಿ, ಓದುತ್ತಿದ್ದಾರೋ, ಮನೆ ಇದೆಯೋ, ಕೆಲಸ ಇದೆಯೋ ಎಂದು ದಾಖಲಿಸುವುದನ್ನು ರಾಜ್ಯಗಳಿಗೆ ಕಡ್ಡಾಯ ಮಾಡಿದೆ. ನಮ್ಮಲ್ಲಿ ಅದನ್ನು ಶುರುಮಾಡಿಸಲು ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ಅರ್ಜಿ ಹಾಕಿ, ಮೂರು ಪ್ರಶ್ನೆ ಕೇಳಿ: ಕಳೆದ ಐದು ವರ್ಷಗಳಲ್ಲಿ 18 ತುಂಬಿ ಹೊರಹೋದವರೆಷ್ಟು, ಅವರಲ್ಲಿ ಕಾಲೇಜು ಸೇರಿದವರೆಷ್ಟು, ಮುಗಿಸಿದವರೆಷ್ಟು? ಬಂದ ಉತ್ತರವನ್ನು ನಿಮ್ಮ ಕ್ಷೇತ್ರದ ಶಾಸಕರ ಕೈಗೆ ಕೊಡಿ.